ಕಲೆ ತೆಗೆದವಳು

ತುಕ್ಕಿನ ಚುಕ್ಕೆ ಸಾಸಿವೆ ಕಾಳಿನಷ್ಟೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ಮುದುಕಿ ನೆಪ ಹೂಡುತ್ತಿದ್ದಾಳೆ ಅಂದುಕೊಳ್ಳುತ್ತೀರಿ. ಅಲಗು ಹಿಡಿಯೊಳಗೆ ಸೇರುವ ಮೂಲೆಯಲ್ಲಿ ಒಂದೇ ಒಂದು ಕೆಂಪು ಚುಕ್ಕೆ. ನಾನು ತೆಗೆಯಲು ಹೋದದ್ದು ಅದೊಂದನ್ನೇ.

ನನ್ನ ಹೆಸರು ಬೆರಿಲ್. ಹದಿನೈದನೇ ವಯಸ್ಸಿಗೆ ಶೆಫೀಲ್ಡಿನ ಚಾಕು ಕಾರ್ಖಾನೆಗೆ ಮೆರುಗು ಕೊಡುವ ಕೆಲಸಕ್ಕೆ ಸೇರಿದೆ. ತಲೆಗೆ ಕೆಂಪು ಬಟ್ಟೆ, ಮಸಿ ಅಂಟದಿರಲೆಂದು ಮೈಗೆ ಕಂದು ಕಾಗದ ಸುತ್ತಿಕೊಂಡು ತಿರುಗುವ ಚಕ್ರದ ಮುಂದೆ ಮೂವತ್ತೆಂಟು ವರ್ಷ ಕೂತೆ. ಸಂಜೆಯ ಹೊತ್ತಿಗೆ ನನ್ನ ಮುಖ ಮಸಿಯಾಗಿರುತ್ತಿತ್ತು, ಅಲಗು ಕನ್ನಡಿಯಾಗಿರುತ್ತಿತ್ತು. ನಮ್ಮ ಮೇಸ್ತ್ರಿ ನಾನು ಮುಗಿಸಿದ ಅಲಗಿನಲ್ಲಿ ಹಲ್ಲು ನೋಡಿಕೊಳ್ಳುತ್ತಿದ್ದ. ಆ ಹಲ್ಲೇನೂ ನೋಡುವ ಹಾಗಿರಲಿಲ್ಲ, ಬಿಡಿ. ಕಲೆ ತೆಗೆಯುವುದೇ ನನ್ನ ಕಲೆ ಎಂದು ಊರೆಲ್ಲ ಜಂಬ ಕೊಚ್ಚಿಕೊಂಡು ತಿರುಗಿದವಳು ನಾನು.

ಕೆಲಸ ಬಿಟ್ಟ ಮೇಲೆ ಜೇಬುಚಾಕು ಕೂಡಿಡುವವರ ಕೂಟಕ್ಕೆ ಸೇರಿಕೊಂಡೆ. ತಿಂಗಳ ಮೊದಲ ಶನಿವಾರ ಮಧ್ಯಾಹ್ನ ನಮ್ಮ ವಾಕ್ಲಿ ಬಡಾವಣೆಯ ಒಂದು ಪಬ್ಬಿನ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಎಂಟು ಹತ್ತು ಗಂಡಸರು, ಹೆಂಗಸೆಂದರೆ ನಾನೊಬ್ಬಳೇ. ಬಂದವರು ಕೋಟು ಬಿಚ್ಚುವ ಮೊದಲು ಜೇಬಿನ ಚಾಕು ತೆಗೆದು ಮೇಜಿನ ಮೇಲಿಡಬೇಕು. ಕಪಾಟಿನಲ್ಲಿ ಮಲಗಿಸಿಟ್ಟದ್ದನ್ನು ತಂದು ಮೆರೆದರೆ ನಗೆಪಾಟಲು. ದಿನವೂ ಹೊತ್ತು ತಿರುಗುವ ಚಾಕುವಿಗೇ ಅಲ್ಲಿ ಮರ್ಯಾದೆ. ಒಂದೊಂದನ್ನೂ ಕೈಯಿಂದ ಕೈಗೆ ದಾಟಿಸಿ ಅದರ ನಡೆ-ನುಡಿ ನೋಡುತ್ತೇವೆ. ಅಲಗು ತಡವರಿಸದೆ ತೆರೆದುಕೊಂಡರೆ ಅದು ನಡೆ. ತೆರೆದು ನಿಂತಾಗ ಸ್ಪ್ರಿಂಗು ಟಕ್ ಎಂದರೆ ಅದು ನುಡಿ.

"ಮನುಷ್ಯರ್ದು ಹೆಂಗಾದ್ರೂ ಇರ್ಲಿ, ಚಾಕೂದ್ ಮಾತ್ರ ನೆಟ್ಟಗಿರ್ಬೇಕು" ಎನ್ನುತ್ತಾನೆ ಎಲ್ಲಿಸ್. ಜೀವಮಾನವೆಲ್ಲ ಚಾಕುಗಳಿಗೆ ಸ್ಪ್ರಿಂಗು ಕೂರಿಸಿದವನು. ನನ್ನನ್ನು ಕಂಡರೆ "ಬಂದ್ಲಪ್ಪ ಮೆರುಗಿನ ಮಹಾರಾಣಿ, ಎಲ್ರೂ ನಿಮ್ ನಿಮ್ ಚಾಕು ಬಚ್ಚಿಟ್ಕೊಳ್ಳಿ" ಎಂದು ಕೂಗುವುದು ಅವನ ಅಭ್ಯಾಸ.

ಆ ಕುಚೋದ್ಯಕ್ಕೆ ಕಾರಣವಿದೆ. ಹಳೆಯ ಅಲಗಿಗೆ ಮೆರುಗು ಕೊಡಬಾರದು ಎನ್ನುವುದು ಕೂಟದ ಕಟ್ಟಳೆ. ಅದು ಹಳೆಯ ಉಕ್ಕು. ಸೇಬು, ಈರುಳ್ಳಿ, ಹೊಗೆಸೊಪ್ಪು ಏನು ಕುಯ್ದರೂ ಬಣ್ಣ ತಿರುಗುತ್ತದೆ. ಮೊದಲು ಬೂದಿ, ಆಮೇಲೆ ನೀಲಿ, ಆಮೇಲೆ ಕಪ್ಪು. ಚಾಕುವಿನ ಒಡೆಯ ಏನು ತಿಂದ, ಹೇಗೆ ಬದುಕಿದ ಎಲ್ಲವೂ ಆ ಬಣ್ಣದಲ್ಲಿದೆ ಎಂದು ಗಂಡಸರು ಕಣ್ಣರಳಿಸುತ್ತಾರೆ. "ನಮ್ಮನೇಲಿ ಅದಕ್ಕೆ ಕೊಳೆ ಅಂತಾರೆ" ಎಂದು ನಾನು ರೇಗಿಸುತ್ತಿದ್ದೆ.

ಹೀಗೆ ರೇಗಿಸಿದಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಕ್ಲಿಫ್. ಕ್ಲಿಫ್ ಮತ್ತು ಅವನ ಹೆಂಡತಿ ನೋರೀನ್ ನಮ್ಮ ಬೀದಿಯವರೇ. ಅವನದು ಕಡವೆ ಕೊಂಬಿನ ಹಿಡಿಯ, ನೆಟ್ಟನೆಯ ಬಾಯಿಯ ಒಂಟಿ ಅಲಗಿನ ಚಾಕು. ಐವತ್ತೆಂಟು ವರ್ಷ ಒಂದೇ ಚಾಕು, ಬಲಗಡೆಯ ಜೇಬು. ಕೂಟದವರು ಹೊಸದು ಕೊಂಡುಕೊಂಡು ಬೀಗುವಾಗ ಅವನು, "ನಂಗೆ ಒಂದು ಚಾಕು, ಒಬ್ಳು ಹೆಂಡ್ತಿ ಸಾಕು. ಎರಡೂ ಚೂಪಾಗಿವೆ" ಎನ್ನುತ್ತಿದ್ದ.

ನಮ್ಮ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಚಿನ್ನ. ಬಸ್ಸಿನವನು ಹತ್ತುವವರಿಗೆಲ್ಲ ಚಿನ್ನ ಎನ್ನುತ್ತಾನೆ, ಮಾಂಸದಂಗಡಿಯವನು ತೂಕ ಹಾಕುತ್ತ ಇನ್ನೇನು ಬೇಕು ಚಿನ್ನ ಎನ್ನುತ್ತಾನೆ, ಮೀಸೆ ಹೊತ್ತ ಗಂಡಸರು ಒಬ್ಬರಿಗೊಬ್ಬರು ಚಿನ್ನ ಅಂದುಕೊಳ್ಳುತ್ತಾರೆ. ಕ್ಲಿಫ್ ಕೂಡ ಬೀದಿನಾಯಿಯ ತನಕ ಎಲ್ಲರಿಗೂ ಚಿನ್ನವೇ ಅನ್ನುತ್ತಿದ್ದ, ಹೆಂಡತಿಯೊಬ್ಬಳನ್ನು ಬಿಟ್ಟು. "ಬಸ್ಸಿನವನಿಗೂ ಚಿನ್ನ, ಹೆಂಡ್ತಿಗೂ ಚಿನ್ನ ಅಂದ್ರೆ ಹೆಂಡ್ತಿಗೇನ್ ಉಳೀತು?" ಎಂದು ಕೇಳುತ್ತಿದ್ದ. ಅವಳನ್ನು ನೋರಿ ಎಂದು ಕರೆಯುತ್ತಿದ್ದ. ಆ ಹೆಸರು ಬೇರೆ ಯಾರ ಬಾಯಲ್ಲೂ ಇರಲಿಲ್ಲ.

ಆಮೇಲೆ ಕ್ಲಿಫ್‌ಗೆ ಮರೆವು ಶುರುವಾಯಿತು. ಮೊದಲು ಬೀದಿ ಮರೆತ, ನಂತರ ನಮ್ಮನ್ನು, ಕೊನೆಗೆ ಮನೆಯನ್ನು. ಒಲೆ ಹೊತ್ತಿಸಿಟ್ಟು ಹೊರಗೆ ಹೋಗಿಬಿಟ್ಟ ದಿನ ನೋರೀನ್ ಸೋತು ಅವನನ್ನು ಊರಾಚೆಯ ಆರೈಕೆಯ ಮನೆಗೆ ಸೇರಿಸಿದಳು. ಮೂರು ತಿಂಗಳಲ್ಲಿ ಅವಳನ್ನೂ ಮರೆತ. ಭಾನುವಾರ ಅವಳು ಹೋಗಿ ಎದುರಿಗೆ ಕೂತರೆ, ಬಸ್ಸು ಕಾಯುವಾಗ ಪಕ್ಕದಲ್ಲಿ ಬಂದು ಕೂತವರನ್ನು ನೋಡುವ ಹಾಗೆ ನೋಡಿ ತಲೆಯಾಡಿಸುತ್ತಿದ್ದ.

ಒಂದು ಭಾನುವಾರ ಅವಳು ಚೀಲದಲ್ಲಿ ಅವನ ಚಾಕುವನ್ನೂ ಒಂದು ಸೇಬನ್ನೂ ಇಟ್ಟುಕೊಂಡು ಹೋದಳು. ನೀವು ಪಕ್ಕದಲ್ಲೇ ಇರಬೇಕು, ಹೋಗುವಾಗ ವಾಪಸು ಒಯ್ಯಬೇಕು ಎಂದು ಅಲ್ಲಿಯವರು ಒಪ್ಪಿದರು. ಕ್ಲಿಫ್ ಚಾಕು ತೆರೆದ. ಹೆಬ್ಬೆರಳಿನಿಂದ ಅಲಗನ್ನು ಸವರಿ ನೋಡಿದ. ಸೇಬು ಹೆಚ್ಚಿ, ಮೊದಲ ಹೋಳನ್ನು ಅಲಗಿನ ಮೇಲೇ ಇಟ್ಟು ಅವಳ ಕಡೆ ಚಾಚಿ, "ತಗೋ ನೋರಿ" ಅಂದ.

ಅಷ್ಟೇ. ಮರುಗಳಿಗೆಗೆ ಅವನಿಗೆ ಮತ್ತೆ ಏನೂ ಗೊತ್ತಿಲ್ಲ. ಆದರೆ ಪ್ರತಿ ಭಾನುವಾರವೂ ಚಾಕು ಕೈಗೆ ಬಂದರೆ ಒಂದು ಸಲ ಆ ಮಾತು ಬರುತ್ತಿತ್ತು. ಆ ಎರಡು ಪದಕ್ಕಾಗಿ ನೋರೀನ್ ಎರಡು ಬಸ್ಸು ಬದಲಾಯಿಸಿ ಹೋಗಿಬರುತ್ತಿದ್ದಳು. ಸೋಮವಾರ ನನ್ನ ಮನೆಯ ಬಾಗಿಲಲ್ಲಿ ನಿಂತು, "ನಿನ್ನೆನೂ ನೋರಿ ಅಂದ ಕಣೇ" ಎನ್ನುವಾಗ ಅವಳ ಮುಖ ನೋಡಬೇಕಿತ್ತು.

ಎರಡು ವರ್ಷ ಹೀಗೇ ನಡೆಯಿತು. ಕಳೆದ ಸೆಪ್ಟೆಂಬರಿನಲ್ಲಿ ನೋರೀನ್ ಚಾಕು ಹಿಡಿದುಕೊಂಡು ಬಂದಳು. "ತೆಗೆಯೋಕೆ ಅವನ ಉಗುರಿಗೆ ಕಷ್ಟವಾಗ್ತಿದೆ ಬೆರಿಲ್. ಒಂದು ಹನಿ ಎಣ್ಣೆ ಬಿಡು, ಅಷ್ಟೇ."

"ಅಷ್ಟೇನಾ? ಇಷ್ಟಕ್ಕೆ ನನ್ನಂಥವಳು ಬೇಕಾ?" ಎಂದೆ.

"ಅಷ್ಟೇ" ಎಂದಳು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಎಣ್ಣೆ ಬಿಟ್ಟೆ. ಅಲಗನ್ನು ನಾಲ್ಕು ಸಲ ತೆರೆದು ಮುಚ್ಚಿದೆ, ನುಡಿ ತಿರುಗಿ ಬಂತು. ಅಲ್ಲಿಗೆ ಒರೆಸಿ ಇಟ್ಟುಬಿಡಬೇಕಿತ್ತು. ಆಗ ಆ ಚುಕ್ಕೆ ಕಂಡಿತು. ತುಕ್ಕು ಒಂದು ಸಲ ಹೊಕ್ಕರೆ ಒಳಗೊಳಗೇ ತಿನ್ನುತ್ತದೆ, ಅದು ನಿಜ. ಹಿತ್ತಲಿನ ಶೆಡ್ಡಿನಲ್ಲಿ ನನ್ನ ಹಳೆಯ ಚಕ್ರವಿದೆ. ಒಂದು ಗಳಿಗೆ ಮುಟ್ಟಿಸಿದೆ. ಚುಕ್ಕೆ ಹೋಯಿತು. ಹೋದ ಜಾಗದಲ್ಲಿ ಬೆಳ್ಳಗೆ ಹೊಳೆಯುವ ಒಂದು ತೇಪೆ ಉಳಿಯಿತು.

ಮೆರುಗಿನ ಕೆಲಸ ಮಾಡಿದವರಿಗೆ ತೇಪೆ ಸಹಿಸಲಾಗದು. ಅಂಚನ್ನು ಸ್ವಲ್ಪ ಬೆರೆಸೋಣ ಎಂದು ಇನ್ನೊಂದಿಷ್ಟು ಮುಟ್ಟಿಸಿದೆ. ಅಂಚು ಮುಂದೆ ಸರಿಯಿತು. ಇನ್ನೊಂದಿಷ್ಟು. ಕೈ ತನ್ನ ಹಳೆಯ ಲಯಕ್ಕೆ ಬಿತ್ತು. ಮುಂದಿನ ವಾರ ಅವನ ಎಂಬತ್ತನೇ ಹುಟ್ಟುಹಬ್ಬ ಎನ್ನುವುದು ನೆನಪಾಯಿತು, ಪರವಾಗಿಲ್ಲ, ಅದಕ್ಕೇ ಇದು ಎಂದು ನನಗೆ ನಾನೇ ಹೇಳಿಕೊಂಡೆ. ಅಲಗಿನ ನಡುವೆ ಉಗುರಿನಗಲದ ಒಂದು ಕಪ್ಪು ಉಂಗುರವಿತ್ತು, ಅದು ಸುಲಭಕ್ಕೆ ಬಿಡಲಿಲ್ಲ. ಹಟ ಹಿಡಿದು ಅದನ್ನೂ ಬಿಡಿಸಿದೆ. ಕಾಲು ಗಂಟೆಯಲ್ಲಿ ಅಲಗಿನಲ್ಲಿ ನನ್ನ ಮುಖ ಕಂಡಿತು. ನಾಚಿಕೆಬಿಟ್ಟು ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಬಹಳ ಸಂತೋಷವಾಗಿತ್ತು.

ಶನಿವಾರ ಕೂಟದಲ್ಲಿ ಅದನ್ನು ಮೇಜಿನ ಮೇಲಿಟ್ಟೆ. ಕ್ಲಿಫ್‌ನ ಕೊಂಬಿನ ಹಿಡಿಯನ್ನು ಅಲ್ಲಿ ಗುರುತಿಸದವರಿಲ್ಲ. ಎಲ್ಲಿಸ್ ಎತ್ತಿಕೊಂಡು ತೆರೆದ. ಟಕ್ ಎಂದಿತು. ಅವನು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ.

"ಇದೇನು ಮಾಡ್ದೆ ಬೆರಿಲ್?"

"ತುಕ್ಕಿತ್ತು."

"ತುಕ್ಕೆಲ್ಲಿತ್ತು, ಎಷ್ಟಿತ್ತು?"

ಮಹಾರಾಣಿ ಎಂದು ಆ ದಿನ ಯಾರೂ ಛೇಡಿಸಲಿಲ್ಲ. ಚಾಕು ಯಾರ ಕೈಗೂ ಹೋಗದೆ ಅಲ್ಲೇ ಬಿದ್ದಿತ್ತು, ನಾನೇ ಎತ್ತಿ ಚೀಲಕ್ಕೆ ಹಾಕಿಕೊಂಡೆ.

ಆ ಸಂಜೆ ಚಾಕುವನ್ನು ನೋರೀನ್‌ಗೆ ಕೊಟ್ಟೆ. ಅವಳು ತೆರೆದು ಅಲಗಿನ ನಡುವನ್ನೇ ನೋಡಿದಳು. "ಚೆನ್ನಾಗಿ ಹೊಳೀತಿದೆ" ಅಂದಳು. "ನಾಳೆ ನೀನೂ ಬಾ." ಹೋದೆ. ಅವನ ಮುಖ ಅರಳುವುದನ್ನು ನೋಡುವ ಆಸೆ ಇನ್ನೂ ಉಳಿದಿತ್ತು.

ಕ್ಲಿಫ್ ಕಿಟಕಿಯ ಪಕ್ಕ ಕೂತಿದ್ದ. ನೋರೀನ್ ಚಾಕುವನ್ನು ಅಂಗೈಗೆ ಇಟ್ಟಳು. ಬೆರಳುಗಳು ಹಿಡಿಯನ್ನು ಸುತ್ತಿಕೊಂಡವು, ಅಲಗು ತೆರೆಯಿತು. ಹೆಬ್ಬೆರಳು ಅಲಗಿನ ನಡುವಿಗೆ ಹೋಗಿ ಅಲ್ಲಿ ಏನನ್ನೋ ಹುಡುಕಿತು. ಸಿಗಲಿಲ್ಲ. ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಮುಚ್ಚಿ ಮೇಜಿನ ಮೇಲಿಟ್ಟು, "ಇದು ನಂದಲ್ಲ" ಅಂದ. ಸೇಬನ್ನು ಮುಟ್ಟಲಿಲ್ಲ. ನಾವು ಹೊರಡುವ ತನಕ ಕಿಟಕಿಯಾಚೆಗೇ ನೋಡುತ್ತಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ ನೋರೀನ್ ಮೆಲ್ಲಗೆ ಹೇಳಿದಳು: "ಆ ಕಪ್ಪು ಉಂಗುರ ಇತ್ತಲ್ಲ. ಮದುವೆಯಾಗಿ ಬ್ರಿಡ್ಲಿಂಗ್ಟನ್ ಸಮುದ್ರಕ್ಕೆ ಹೋಗಿದ್ದಾಗ ಆದದ್ದು. ಎರಡನೇ ದಿನಾನೇ ಜಗಳ ಆಡಿದ್ವಿ. ಯಾತಕ್ಕೆ ಅಂತ ನೆನಪಿಲ್ಲ ನೋಡು. ಅವನು ಸೇಬು ಹೆಚ್ತಾ ಇದ್ದವನು ಹಾಗೇ ಅದಕ್ಕೇ ಚಾಕು ಚುಚ್ಚಿ ಕಿಟಕೀಲಿಟ್ಟು ಎದ್ದುಹೋದ. ಬೆಳಗಾಗೋ ತನಕ ಅಲ್ಲೇ ಇತ್ತು. ಬೆಳಿಗ್ಗೆ ನೋಡಿದ್ರೆ ಅಲಗಿನ ಮೇಲೆ ಉಂಗುರ. 'ನೋರಿ, ನಿನ್ನ ಸಿಟ್ಟು ಇಲ್ಲಿ ಕೂತಿದೆ ನೋಡು' ಅಂದ. ಆವತ್ತೇ ಮೊದಲು ನೋರಿ ಅಂದದ್ದು."

"ನಂಗೆ ಯಾಕೇ ಹೇಳ್ಲಿಲ್ಲ?"

"ಎಣ್ಣೆ ಬಿಡೋಕೆ ಅದೆಲ್ಲ ಯಾಕ್ ಹೇಳ್ಬೇಕಿತ್ತು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಕೈ ಹಿಡಿದುಕೊಂಡು ಕೂತಿದ್ದಳು, ನನಗೆ ನನ್ನ ಆ ಕೈಯನ್ನೇ ಕಿತ್ತು ಎಸೆಯಬೇಕೆನಿಸಿತು.

ಚಾಕುವನ್ನು ಕೇಳಿ ಇಸಿದುಕೊಂಡೆ. ಕಲೆ ತೆಗೆಯುವುದನ್ನು ಬಿಟ್ಟು ಬೇರೇನೂ ಕಲಿಯದವಳು ಎಪ್ಪತ್ತೇಳನೇ ವಯಸ್ಸಿನಲ್ಲಿ ಕಲೆ ಹಾಕಲು ಕೂತೆ. ಸೇಬಿಗೆ ಚುಚ್ಚಿ ಬೆಳಗಿನ ತನಕ ಇಟ್ಟೆ. ವಿನೆಗರಿನಲ್ಲಿ ಅದ್ದಿದೆ, ಸಾಸಿವೆ ಬಳಿದೆ, ಹಸಿ ಈರುಳ್ಳಿ ಹೆಚ್ಚಿ ಒರೆಸದೆ ಬಿಟ್ಟೆ. ಅಂಗಿಯ ಜೇಬಿನಲ್ಲಿ ಹೊತ್ತು ತಿರುಗಿದೆ, ಊಟ ತಿಂಡಿಗೆಲ್ಲ ಅದನ್ನೇ ಬಳಸಿದೆ. ಎಲ್ಲಿಸ್‌ನ ಮನೆಗೆ ಹೋಗಿ ಅವನ ಕೈಯಲ್ಲಿ ಆ ಉಂಗುರದ ಚಿತ್ರ ಬರೆಸಿಕೊಂಡೆ. ಅಲಗಿನ ಯಾವ ಜಾಗದಲ್ಲಿತ್ತು ಎಂದು ಅವನು ಮಿಲಿಮೀಟರು ಲೆಕ್ಕದಲ್ಲಿ ತೋರಿಸಿದ. ಐದು ವಾರದಲ್ಲಿ ಅಲಗು ಬೂದು ಬಣ್ಣಕ್ಕೆ ತಿರುಗಿ ನಡುವೆ ಒಂದು ಕಪ್ಪು ಉಂಗುರವೂ ಮೂಡಿತು. ಎಲ್ಲಿಸ್ ಅದನ್ನು ಬಹಳ ಹೊತ್ತು ಹಿಡಿದು ನೋಡಿದ.

"ಕಣ್ಣಿಗೇನೋ ಹಂಗೇ ಕಾಣುತ್ತೆ" ಅಂದ. "ಆದ್ರೆ ಬೆರಿಲ್, ಅವನು ಕಣ್ಣಲ್ಲಿ ನೋಡ್ತಿದ್ನೋ ಬೆರಳಲ್ಲಿ ನೋಡ್ತಿದ್ನೋ? ಆ ಸೇಬಿನ ಹುಳಿ ಉಕ್ಕನ್ನ ಚೂರು ತಿಂದಿತ್ತು. ಅಲ್ಲೊಂದು ತಗ್ಗಿತ್ತು. ನೀನು ತಗ್ಗನ್ನೂ ಉಜ್ಜಿ ಸಮ ಮಾಡಿದೀಯ."

ಆದರೂ ಹೋದೆವು. ಈ ಐದು ಭಾನುವಾರವೂ ನೋರೀನ್ ಬರಿಗೈಯಲ್ಲಿ ಹೋಗಿ ಸುಮ್ಮನೆ ಕೂತು ಬಂದಿದ್ದಳು. ಈ ಸಲ ಹಸಿರು ಕೋಟು ಹಾಕಿಕೊಂಡಿದ್ದಳು, ತುಟಿಗೆ ಬಣ್ಣ ಹಚ್ಚಿದ್ದಳು. ಸೇಬನ್ನು ಕೋಟಿನ ತೋಳಿಗೆ ಉಜ್ಜಿ ಉಜ್ಜಿ ಇಟ್ಟುಕೊಂಡಿದ್ದಳು.

ಕ್ಲಿಫ್ ಚಾಕು ತೆಗೆದುಕೊಂಡ. ತೆರೆದ. ಟಕ್ ಎನ್ನುವುದನ್ನು ಕೇಳಿ ತಲೆದೂಗಿದ. "ಒಳ್ಳೆ ನುಡಿ ಇದೆ" ಅಂದ. ಹೆಬ್ಬೆರಳು ನಡುವಿಗೆ ಹೋಯಿತು, ಹಿಂದೆ ಮುಂದೆ ಆಡಿತು, ನಿಂತಿತು.

"ಯಾರ್ದಿದು?"

"ನಿಂದೇ ಕಣೋ ಕ್ಲಿಫ್" ಎಂದಳು ನೋರೀನ್.

"ನಂದಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದವರಿಗೆ ತಿಳಿಸಿ ಹೇಳುವ ಸಮಾಧಾನವಿತ್ತು. "ನಂದು ಮನೇಲಿದೆ. ನನ್ನ ಹೆಂಡ್ತಿ ಹತ್ರ ಇದೆ. ಅವಳು ಜೋಪಾನವಾಗಿ ಇಟ್ಟಿರ್ತಾಳೆ."

ನೋರೀನ್ ನನ್ನ ಕಡೆ ನೋಡಲಿಲ್ಲ. ಸೇಬನ್ನು ಅವನ ಮುಂದೆ ಸರಿಸಿದಳು. ಕೈಗೆ ಚಾಕು, ಎದುರಿಗೆ ಸೇಬು; ಅವನು ಹೆಚ್ಚತೊಡಗಿದ. ಅದೇ ಕೈ, ಅದೇ ನಾಜೂಕು, ಬೀಜದ ಗೂಡು ಒಂದೇ ಏಟಿಗೆ ಹೊರಗೆ. ಮೊದಲ ಹೋಳನ್ನು ಅಲಗಿನ ಮೇಲಿಟ್ಟು ಅವಳ ಕಡೆ ಚಾಚಿದ.

"ತಗೋ ಚಿನ್ನ" ಅಂದ.

ಎರಡನೇ ಹೋಳು ನನಗೆ. ನನಗೂ ಅದೇ ಮಾತು, ಅದೇ ನಗು.

ನೋರೀನ್ ಹೋಳನ್ನು ಪೂರ್ತಿ ತಿಂದಳು. ಚೆನ್ನಾಗಿದೆ ಅಂದಳು. ಚಾಕುವನ್ನು ಒರೆಸಿ, ಮಡಿಸಿ, ಚೀಲಕ್ಕೆ ಹಾಕಿಕೊಂಡಳು. ಅವನ ಕಾಲರು ಸರಿಮಾಡಿದಳು. ಕಾರಿಡಾರಿನಲ್ಲಿ ನಡೆಯುವಾಗಲೂ, ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ ಗಾಳಿಯಲ್ಲಿ ನಿಂತಾಗಲೂ ಅಳಲಿಲ್ಲ. ಕ್ಷಮಿಸು ಎಂದು ನಾನು ಶುರುಮಾಡಿದೆ, ಈಗ ಬೇಡ ಎಂದು ಕೈಯಾಡಿಸಿದಳು.

ಬಸ್ಸು ಬಂತು. ಮೆಟ್ಟಿಲು ಎತ್ತರವಿತ್ತು, ಅವಳು ಕಂಬಿ ಹಿಡಿದು ಕಾಲೆತ್ತಿದಳು.

"ನಿಧಾನಕ್ಕೆ ಹತ್ತು ಚಿನ್ನ, ಅವಸರವಿಲ್ಲ" ಅಂದ ಬಸ್ಸಿನವನು.

ನೋರೀನ್ ಆ ಮೆಟ್ಟಿಲ ಮೇಲೆಯೇ ಕುಸಿದು ಕೂತು ಅಳತೊಡಗಿದಳು. ತಾನೇನು ತಪ್ಪು ಮಾತಾಡಿದೆನೆಂದು ಪಾಪ ಅವನು ನನ್ನನ್ನು ಕೇಳುತ್ತಲೇ ಇದ್ದ.