ಹಲಗೆ ಹತ್ತದ ಸೋಮವಾರಗಳು

"ಥೂ! ರಕ್ತ!" ಮೈ ಉಜ್ಜಿಸಿಕೊಳ್ಳಲು ಹಲಗೆಯ ಮೇಲೆ ಮಲಗಿದ್ದ ಹೆಂಗಸು ದಡಕ್ಕನೆ ಎದ್ದಳು. ಕೊರಿಯಾದ ಬೂಸಾನ್ ನಗರದ ಆ ಸಾರ್ವಜನಿಕ ಸ್ನಾನಗೃಹದ ಹೆಂಗಸರ ಕೋಣೆಯಲ್ಲಿ ಬತ್ತಲೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಮೈ ಉಜ್ಜುವ ಕೆಲಸದ ಮಾಲ್ಜಾಳ ತೊಡೆಯ ಮೇಲೆ ಕೆಂಪು ಗೆರೆ ಇಳಿಯುತ್ತಿತ್ತು. ಮುಟ್ಟಿನ ರಕ್ತ ಹೀರಲು ಒಳಗಿಟ್ಟುಕೊಂಡಿದ್ದ ಟ್ಯಾಂಪನ್ ತಡೆದಿರಲಿಲ್ಲ.

ಮರುದಿನ ಸೋಮವಾರ, ಸ್ನಾನಗೃಹಕ್ಕೆ ರಜೆ. ಒಡತಿ ಬೋಕ್‌ಹೀ ಅವಳನ್ನು ಅಲ್ಲಿಗೇ ಕರೆಸಿದಳು.

"ನಾಳೆಯಿಂದ ಬರ್ಬೇಡ. ಬೇರೆಯವಳಿಗೆ ಹೇಳಿದ್ದೀನಿ."

"ಕೆಲಸಾನೇ ಬಿಡ್ಬೇಕಾ ಅಕ್ಕಾ?"

"ಹೊತ್ತುಗೊತ್ತಿಲ್ಲದೆ ಮುಟ್ಟಾಗೋಳನ್ನ ಇಟ್ಕೊಂಡು ಏನ್ ಮಾಡ್ಲಿ? ವಯಸ್ಸಾಯ್ತು ನಿನಗೆ, ಅಷ್ಟೆ."

ಮಾಲ್ಜಾಳಿಗೆ ಮೈಯೆಲ್ಲ ಉರಿಯಿತು. ವಯಸ್ಸಂತೆ! ಡಾಕ್ಟರೂ ಮುಖ ಎತ್ತದೆ ಅದನ್ನೇ ಅಂದಿದ್ದ. ಕೋವಿಡ್ ಲಸಿಕೆಯ ಮಾತೆತ್ತಿದರೆ, "ಸುಮ್ನೆ ತಲೆ ಕೆಡಿಸ್ಕೊಳ್ಬೇಡಿ" ಎಂದು ಮುಂದಿನವರನ್ನು ಕರೆದಿದ್ದ. ತಿಂಗಳು ತಪ್ಪದೆ ಬರುತ್ತಿದ್ದ ಮುಟ್ಟು ಎರಡನೆಯ ಸೂಜಿಯಾದ ಮೇಲೆ ತಾನೆ ದಿಕ್ಕು ತಪ್ಪಿದ್ದು?

"'ನಮ್ಮಲ್ಲಿ ಎಲ್ಲರಿಗೂ ಲಸಿಕೆ ಆಗಿದೆ' ಅಂತ ಬೋರ್ಡ್ ಹಾಕೋಕೆ ನನ್ ತೋಳು ಬೇಕಿತ್ತು. ಸೂಜಿ ಬೇಡ ಅಂತ ನಾನೆಲ್ಲಿ ಅಂದೆ? ಹೀಗೂ ಆಗಬಹುದು ಅಂತ ಒಬ್ರಾದ್ರೂ ಬಾಯಿಬಿಟ್ರಾ? ಕೇಳಿದ್ರೆ ನಾನೇ ಹುಚ್ಚಿ!"

"ಕೂಗ್ಬೇಡ. ಯಾರಿಗೂ ಆಗದ್ದು ನಿನಗೊಬ್ಬಳಿಗೇ ಆಗತ್ತಾ?"

ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದ ಮಾಲ್ಜಾ ಅಲ್ಲೇ ನಿಂತಳು. ರಜೆಯ ದಿನ ಒಡತಿಯ ಮೈ ಉಜ್ಜುವುದು ವರ್ಷಗಳ ವಾಡಿಕೆ. ಮುಟ್ಟಾದ ವಾರ ಮಾತ್ರ ಬೋಕ್‌ಹೀ ಹಲಗೆ ಹತ್ತುತ್ತಿರಲಿಲ್ಲ. ಈಗ, ಒಡತಿಯೂ ಲಸಿಕೆ ಹಾಕಿಸಿಕೊಂಡು ಬಂದಾಗಿನಿಂದ, ಒಂದು ಸೋಮವಾರವೂ ಹತ್ತಿಲ್ಲ. ಒಮ್ಮೆ ಸೊಂಟನೋವಿನ ನೆಪ, ಒಮ್ಮೆ ನೆಂಟರದು.

"ಅಕ್ಕಾ, ಇಷ್ಟು ದಿನ ನೀವ್ಯಾಕೆ ಮೈ ಉಜ್ಜಿಸ್ಕೊಂಡಿಲ್ಲ?"

ಬೋಕ್‌ಹೀಯ ಮುಖ ಸಪ್ಪಗಾಯಿತು. "ರಕ್ತ ನಿಂತೇ ಇಲ್ಲ ಕಣೇ," ಎಂದಳು. "ಗಂಡನಿಗೂ ಹೇಳಿಲ್ಲ."

"ಗೊತ್ತಿದ್ದೂ ನನ್ನ ಓಡಿಸೋಕೆ ಹೊರಟ್ರಲ್ಲ! ನಾಚಿಕೆ ಆಗಲ್ವಾ?"

ಮಾಲ್ಜಾ ಚೀಲ ಬಿಸಾಕಿ, ಉಜ್ಜುವ ಒರಟು ಬಟ್ಟೆಯನ್ನು ಕೈಗೆ ತೊಟ್ಟು, ಹಲಗೆಯ ಮೇಲೆ ಬಿಸಿನೀರು ಸುರಿದಳು.

"ಮಲಗಿ."

"ರಕ್ತ..."

"ಮಲಗಿ ಅಂದೆ."

ಬೋಕ್‌ಹೀ ಬಟ್ಟೆ ಬಿಚ್ಚಿ ಬೋರಲು ಮಲಗಿದಳು. ಮಾಲ್ಜಾಳ ಸಿಟ್ಟೆಲ್ಲ ಕೈಗಿಳಿಯಿತು. ಬೆನ್ನು ಕೆಂಪಾದರೂ ಒಡತಿ ಹಾ ಎನ್ನಲಿಲ್ಲ.

"ಆ ಹೊಸಬಳಿಗೆ ಬರ್ಬೇಡ ಅಂತ ಹೇಳ್ತೀನಿ," ಎಂದಳು, ಮುಖ ಎತ್ತದೆ.

"ಹೇಳಿ. ಯಾಕೆ ಅಂತಾನೂ ಹೇಳಿ."

ಮಾಲ್ಜಾ ಇನ್ನೊಂದು ಚೊಂಬು ನೀರು ಸುರಿದಳು. ಹಲಗೆಯಿಂದ ಇಳಿದ ರಕ್ತವೂ ಮಾಲ್ಜಾಳ ಕಾಲಿನಿಂದ ಇಳಿದದ್ದೂ ನೆಲದಲ್ಲಿ ಕೂಡಿ, ತಿಳಿಗೆಂಪಾಗಿ ಮೋರಿಯತ್ತ ಹರಿಯಿತು.