ಎದೆ ಬಡಿದವಳು

“ನಿಮ್ಮ ಯಜಮಾನ್ರು ಬಿದ್ದಾಗ ಎದಿ ಒತ್ತಿದವರು ಯಾರ್ರಿ?” ಡಾಕ್ಟರಮ್ಮ ಪೆನ್ನಿನ ಕ್ಯಾಪು ತೆಗೆಯುತ್ತ ಕೇಳಿದರು.

“ನಾನೇ,” ಎಂದಳು ಕೊಟ್ರಬಸಮ್ಮ.

ಮಂಚದ ಮೇಲೆ ದಿಂಬಿಗೊರಗಿದ್ದ ಗಂಡ ಜಡೆಪ್ಪನಿಗೆ ಕೆಮ್ಮು ಬಂತು. ಚಹಾ ತಂದಿದ್ದ ಮಿಲ್ಲಿನ ಆಳು ಹೊನ್ನೂರಮ್ಮ ಬಾಗಿಲಲ್ಲೇ ನಿಂತು ನೆಲ ನೋಡಿದಳು. ಇಡೀ ಕಂಪ್ಲಿಯಲ್ಲಿ ಈ ಸುಳ್ಳನ್ನು ನಂಬುವವರಿದ್ದರೆ ಅದು ಈ ಡಾಕ್ಟರಮ್ಮ ಒಬ್ಬರೇ.

ಆಸ್ಪತ್ರೆ ಮುಟ್ಟುವ ಮೊದಲೇ ಹೊಲದಲ್ಲೋ ಬಸ್ಸಿನಲ್ಲೋ ಎದೆಬಡಿತ ನಿಂತುಹೋದವರ ದಾಖಲೆ ಮಾಡಲು ಅವರು ಹೊಸಪೇಟೆ, ಸಂಡೂರು, ಕಂಪ್ಲಿ ಸುತ್ತುತ್ತಿದ್ದರು. ಹೋದ ಮನೆಗಳಲ್ಲೆಲ್ಲ ಗೋಡೆಯ ಮೇಲೊಂದು ಫೋಟೋ, ಅದಕ್ಕೊಂದು ಹಾರ. ಎದೆಬಡಿತ ನಿಂತವನೇ ಎದುರು ಕೂತು ಚಹಾ ಕುಡಿಯುವ ಮನೆ ಸಿಕ್ಕಿದ್ದು ಇದೊಂದೇ. ಹಾಗಾಗಿ ಅವರಿಗೆ ಸಂಭ್ರಮವೋ ಸಂಭ್ರಮ.

ಆಗಿದ್ದು ಇಷ್ಟು. ಯುಗಾದಿ ಕಳೆದ ಮೇಲೆ ಒಂದು ದಿನ, ತನ್ನದೇ ರೈಸ್ ಮಿಲ್ಲಿನ ಅಂಗಳದಲ್ಲಿ ಒಣಹಾಕಿದ್ದ ಭತ್ತ ನೋಡಲು ಬಗ್ಗಿದ ಜಡೆಪ್ಪ ಅಲ್ಲೇ ಉರುಳಿದ. ಉಸಿರಿಲ್ಲ. ಸಾವ್ಕಾರ ಹೋದನೆಂದು ಗಂಡಸರು ಟವೆಲ್ಲು ಬಾಯಿಗಿಟ್ಟು ನಿಂತಾಗ, ಭತ್ತ ಹರವುತ್ತಿದ್ದ ಹೊನ್ನೂರಮ್ಮ ಓಡಿಬಂದು ಮೊಣಕಾಲೂರಿ ಅಳತೊಡಗಿದಳು. ಬರಿಯ ಅಳುವಲ್ಲ, ಸತ್ತ ಗಂಡನ ಎದೆಯನ್ನು ಎರಡೂ ಕೈಯಿಂದ ಗುದ್ದುತ್ತ ಹೆಂಡತಿ ಅಳುತ್ತಾಳಲ್ಲ, ಆ ಅಳು. ಪಕ್ಕೆಲುಬು ಮುರಿಯುವ ತನಕ ಗುದ್ದಿದಳು. ಹೆಣ ಗೊರಕೆ ಹೊಡೆದಂತೆ ಉಸಿರೆಳೆಯಿತು. ಆಮೇಲೆ ಲಾರಿ, ಆಸ್ಪತ್ರೆ ಎಲ್ಲ.

ಕೊಟ್ರಬಸಮ್ಮ ಆ ಹೊತ್ತಿಗೆ ಮನೆಯ ಮಾಳಿಗೆ ಮೇಲೆ ಹಪ್ಪಳ ಒಣಹಾಕುತ್ತಿದ್ದಳು. ಗಂಡ ಉಳಿದನೆಂಬ ಸಂತೋಷವೇನೋ ಇತ್ತು. ಆದರೆ ನೋಡಲು ಬಂದವರೆಲ್ಲ, “ಹೊನ್ನೂರಮ್ಮ ಅತ್ತಿದ್ದಕ್ಕ ಉಳಿದ ನೋಡ್ರಿ,” ಅಂದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು. ಅದು ತಾನು ಅಳಬೇಕಿದ್ದ ಅಳು. ಹೊನ್ನೂರಮ್ಮ ಯಾವ ಸಂಬಂಧಕ್ಕೆ ಅತ್ತಳು? ಗಂಡನನ್ನು ಕೇಳಿದರೆ, “ನಾ ಸತ್ತಿದ್ನಲ್ಲ, ನಂಗೇನ್ ಗೊತ್ತು,” ಅನ್ನುತ್ತಿದ್ದ.

“ಹೆಂಗ ಒತ್ತಿದ್ರಿ, ಒಂಚೂರು ತೋರಿಸ್ರಿ,” ಎಂದರು ಡಾಕ್ಟರಮ್ಮ.

ಕೊಟ್ರಬಸಮ್ಮ ಕೂಸು ಮಲಗಿಸುವವಳಂತೆ ದಿಂಬನ್ನು ತಟ್ಟಿದಳು.

“ಹಿಂಗ ಒತ್ತಿದ್ರ ನಾ ಅವತ್ತೇ ಹೋಗಿರ್ತಿದ್ದೆ,” ಎಂದ ಜಡೆಪ್ಪ.

ಡಾಕ್ಟರಮ್ಮ ನಗಲಿಲ್ಲ. “ಅಮ್ಮಾ, ಎಲ್ಲಾ ಕಡೆ ಮಂದಿ ಸುತ್ತ ನಿಂತು ನೋಡ್ಯಾರ, ಯಾರೂ ಮುಟ್ಟಿಲ್ಲ. ಇಲ್ಲಿ ಒಬ್ರು ಮುಟ್ಯಾರ, ಜೀವ ಉಳದೈತಿ. ಖರೇ ಏನಾತು ಅಂತ ಬರಕೊಂಡ್ರ ನಾಳೆ ಮಂದಿಗೆ ಕಲಿಸಬಹುದು. ಸುಳ್ಳು ಬರಕೊಂಡು ಏನ್ ಕಲಿಸಲಿ?”

ಕೊಟ್ರಬಸಮ್ಮ ಸೆರಗಿನ ತುದಿ ಹಿಂಡಿದಳು. ಕೊನೆಗೆ ಬಾಗಿಲ ಕಡೆ ಗದ್ದ ಎತ್ತಿ, “ಅಕಿ,” ಎಂದಳು.

ಡಾಕ್ಟರಮ್ಮ ಆ ಕಡೆ ತಿರುಗಿದರು. “ಇವರಿಗೆ ನೀವು ಏನಾಗಬೇಕು?”

ಇಷ್ಟು ದಿನ ತಾನು ಹೊನ್ನೂರಮ್ಮನನ್ನೇ ಕೇಳಲಾರದೆ ನುಂಗಿಕೊಂಡ ಪ್ರಶ್ನೆ. ಕೊಟ್ರಬಸಮ್ಮ ಮೈಯೆಲ್ಲ ಕಿವಿಯಾದಳು.

“ಏನೂ ಆಗಬೇಕಿಲ್ರಿ,” ಎಂದಳು ಹೊನ್ನೂರಮ್ಮ. “ನನ್ನ ಗಂಡ ಲಾರಿ ಕೆಲಸಕ್ಕ ಹೋದಾಂವ ದೂರದೂರಾಗ ಸತ್ತ. ನಾ ಹೋಗೋದ್ರಾಗ ಮಣ್ಣು ಮಾಡಿಬಿಟ್ಟಿದ್ರು. ಎದಿ ಬಡಿದು ಅಳಾಕ ಸಿಗಲೇ ಇಲ್ರಿ. ಸಾವ್ಕಾರ್ರು ಬಿದ್ದದ್ದು ನೋಡಿದ್ನಲ್ಲ, ಆ ಅಳು ಬಂತು. ತಡಕಣಾಕ ಆಗಲಿಲ್ಲ.”

ಡಾಕ್ಟರಮ್ಮ ಬರೆದುಕೊಂಡರು. ಜಡೆಪ್ಪ ಮುಖ ಗೋಡೆಯತ್ತ ತಿರುಗಿಸಿದ.

ಕೊಟ್ರಬಸಮ್ಮನ ಎದೆ ಹಗುರಾಗಬೇಕಿತ್ತು. ಅರೆಗಳಿಗೆ ಆಯಿತು ಕೂಡ. ಆದರೆ ಸತ್ತ ಗಂಡನಿಗಾಗಿ ಇವಳು ಇಷ್ಟು ವರ್ಷ ಒಳಗೆ ಇಟ್ಟುಕೊಂಡಿದ್ದ ಅಳು ತನ್ನ ಬದುಕಿರುವ ಗಂಡನಿಗಾಗಿ ತನ್ನೊಳಗೆ ಇದೆಯೇ? ಹೊಟ್ಟೆಯ ಉರಿ ಆರಲಿಲ್ಲ, ಜಾಗ ಬದಲಿಸಿತು ಅಷ್ಟೆ.

ಡಾಕ್ಟರಮ್ಮನ ಜೀಪು ಹೋದ ಮೇಲೆ ಅವಳು ಹೊನ್ನೂರಮ್ಮನನ್ನು ಪಡಸಾಲೆಗೆ ಕರೆದು, ಗೋಡೆಗೆ ಆನಿಸಿದ್ದ ತೌಡಿನ ಚೀಲವನ್ನು ನೆಲಕ್ಕೆ ಕೆಡವಿದಳು.

“ಹೆಂಗ ಬಡಿದಿ, ತೋರ್ಸು.”

ಹೊನ್ನೂರಮ್ಮ ಹಿಂಜರಿಯುತ್ತಲೇ ತೋರಿಸಿದಳು.

“ಆ ಕಡಿ ಸರಿ. ಇನ್ನೊಮ್ಮೆ ಇವರು ಬಿದ್ರ ನೀ ಮುಟ್ಟಬ್ಯಾಡ. ನಾ ಇರ್ತೀನಿ.”

“ಆತ್ರಿ ಅಮ್ಮಾರ.”

ಕೊಟ್ರಬಸಮ್ಮ ಸೆರಗು ಸಿಕ್ಕಿಸಿ, ಮೊಣಕಾಲೂರಿ ಗುದ್ದಿದಳು. ಒಳಗಿನ ಮಂಚದಿಂದ ಜಡೆಪ್ಪ ಪಕ್ಕೆ ಹಿಡಿದುಕೊಂಡು ನೋಡುತ್ತಿದ್ದ.

“ಇನ್ನೂ ಜೋರಾಗ್ರಿ,” ಎಂದಳು ಹೊನ್ನೂರಮ್ಮ.

ತೌಡಿನ ಧೂಳೆದ್ದಿತು. ಹಸಿರು ಬಳೆಯೊಂದು ಟಪ್ಪೆಂದು ಒಡೆದು ಚೀಲದ ಮೇಲೆ ಬಿತ್ತು. ಕೊಟ್ರಬಸಮ್ಮ ಅದನ್ನು ನೋಡಿದಳು, ಉಳಿದ ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡು ಮತ್ತೆ ಕೈ ಎತ್ತಿದಳು.