ರಿಜೆಕ್ಟ್ ಆದ ಮಾತ್ರೆ ಮತ್ತು ಉಜ್ಜಿನಮ್ಮನ ಚಹಾ

ರಾಯದುರ್ಗದ ಜೀನ್ಸ್ ಹೊಲಿಯುವ ಯೂನಿಟ್ಟುಗಳ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ, ಹೋದ ಆಷಾಢದ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಡೆದದ್ದನ್ನು ಬಿಡುವಂತಿಲ್ಲ. ಅಂದು ಹೊಲಿಗೆ ಮಷಿನ್ನಿನ ಉಜ್ಜಿನಮ್ಮ ಯೂನಿಟ್ಟಿನ ಚಹಾ ಕುಡಿದು, ಏನೂ ಅನ್ನದೆ ಲೋಟ ಕೆಳಗಿಟ್ಟಳು.

ಆ ಚಹಾವನ್ನು ದಿನವೂ ಬೈಯುವುದು ಆಕೆಯ ಹನ್ನೊಂದು ವರ್ಷದ ಪದ್ಧತಿ. ಅದು ನಿಂತದ್ದು ಹಿಂದೆ ಒಂದೇ ಸಲ. ಊಟ ಸೇರದೆ, ನಿದ್ದೆ ಬಾರದೆ, ಮಷಿನ್ನಿನ ಮುಂದೆ ಕೂತು ಗೋಡೆ ನೋಡುತ್ತಿದ್ದ ದಿನಗಳವು. ದೊಡ್ಡಾಸ್ಪತ್ರೆಯ ಮನೋವೈದ್ಯರು ಅದನ್ನು ಖಿನ್ನತೆ ಎಂದು ಕರೆದು, ಸೆರ್ಟ್ರಾಲಿನ್ ಎಂಬ ಮಾತ್ರೆ ಬರೆದುಕೊಟ್ಟಿದ್ದರು. ಎರಡು ತಿಂಗಳಲ್ಲಿ ಬೈಗುಳ ಮರಳಿತ್ತು. ಎಲ್ಲರಿಗೂ ಸಮಾಧಾನವಾಗಿತ್ತು, ಚಹಾ ಕಾಯಿಸುವ ಪಂಪಮ್ಮನಿಗೂ.

ಮಂಗಳವಾರದ ಆ ಮೌನವನ್ನು ಎದುರು ಮೇಜಿನಿಂದ ಕೇಳಿಸಿಕೊಂಡವನು ಆಕೆಯ ಗಂಡ, ಕಟಿಂಗ್ ಮಾಸ್ಟರ್ ಎರ್ರಪ್ಪ. ಅದರ ಕಾರಣವೂ ಅವನಿಗೆ ಗೊತ್ತಿತ್ತು. ಕಾರಣ ಅವನೇ.

ಹತ್ತು ದಿನದ ಹಿಂದೆ ಅಗಳಿಯಿಂದ ಷಡ್ಡಕ ರಾಮಾಂಜಿನೇಯ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ್ದ. ನೆಫಜೊಡೋನ್ ಎಂಬ ಖಿನ್ನತೆಯ ಮಾತ್ರೆ ಲಿವರ್ ಕೆಡಿಸಿತಂತೆ, ಮಾರಾಟವೇ ನಿಂತಿತಂತೆ. ಮೂವತ್ತು ವರ್ಷ ಬಟ್ಟೆ ಕತ್ತರಿಸಿದವನಿಗೆ ಇದರಲ್ಲಿ ಯೋಚಿಸುವಂಥದ್ದು ಏನೂ ಕಾಣಲಿಲ್ಲ. ಒಂದು ಥಾನಿನ ಬಟ್ಟೆಯಲ್ಲಿ ಕಲೆ ಕಂಡರೆ ಅದರ ಜೊತೆ ಬಂದ ಇಡೀ ಲಾಟ್ ರಿಜೆಕ್ಟ್. ಹೆಂಡತಿಯ ಮಾತ್ರೆಗಳನ್ನು ಅವನು ಮನೆಯ ಚಿಂದಿ ಚೀಲದ ತಳಕ್ಕೆ ತುರುಕಿದ್ದ.

"ಗುಣ ಆಗೈತಲ್ಲ, ಇನ್ನ ಯಾಕ ಬೇಕು?" ಎಂದಿದ್ದ. ಆಕೆಯೂ ಹೂಂಗುಟ್ಟಿದ್ದಳು.

ಆಕೆಗೆ ಮೊದಲು ತಲೆ ಸುತ್ತಿತು. ಆಮೇಲೆ ನಿದ್ದೆ ಕೆಟ್ಟಿತು. ಈಗ ಚಹಾದ ಬೈಗುಳವೂ ನಿಂತಿತು.

ಅಂದು ಸಂಜೆ ಬಿಪಿ ನೋಡುತ್ತ ಓಣಿಗೆ ಬಂದ ನರ್ಸ್ ಅನ್ನದಾನಮ್ಮ ಅವರ ಮನೆಯ ಹೊಸ್ತಿಲಲ್ಲೇ ನಿಂತಳು.

"ಉಜ್ಜಿನಕ್ಕಾ, ಯಾಕ ಮಾರಿ ಬಾಡೈತಿ? ಗುಳಿಗಿ ತಗೊಳ್ಳಾಕತ್ತೀರಿಲ್ಲ?"

ಉಜ್ಜಿನಮ್ಮ ಗಂಡನನ್ನು ನೋಡಿದಳು. ಗಂಡ ಸೂರು ನೋಡಿದ.

"ಅವು ಬಂದ್ ಆಗ್ಯಾವ್ರೀ ಸಿಸ್ಟರ್, ಅಮೆರಿಕಾದಾಗ," ಎಂದು ಫೋನ್ ಮುಂದೆ ಹಿಡಿದ.

ಅನ್ನದಾನಮ್ಮ ವಿಡಿಯೋವನ್ನು ಪೂರ್ತಿ ನೋಡಿದಳು. "ಇದರಾಗ ಹೇಳಿದ್ದು ಖರೇನ ಐತಿ, ಎರ್ರಪ್ಪಣ್ಣ."

ಸುಳ್ಳು ಎಂದಿದ್ದರೆ ಜಗಳಕ್ಕೆ ಎರ್ರಪ್ಪ ತಯಾರಿದ್ದ. ಇದಕ್ಕೆ ತಯಾರಿರಲಿಲ್ಲ.

"ನನಗೂ ಮೂರು ಮಂದಿ ಕಳಿಸಿದ್ರು. ಡಾಕ್ಟರನ್ನ ಕೇಳೀನಿ," ಎಂದು ಆಕೆ ಕೂತಳು. "ತೊಂಬತ್ನಾಕರಾಗ ಅಮೆರಿಕಾದಾಗ ಆ ಗುಳಿಗಿ ಬಂತು. ಮಿದುಳಿನಾಗ ಒಂದು ನರದ ಸುದ್ದಿ ಇನ್ನೊಂದಕ್ಕ ಮುಟ್ಟಿಸೋ ಸೆರೊಟೋನಿನ್ ಅಂತ ಒಂದು ಐತಿ. ಅದು ಲಗೂನ ವಾಪಸ್ ಹೋಗದಂಗ ಆ ಗುಳಿಗಿ ತಡೀತಿತ್ತು. ಜೊತಿಗೆ, ಆ ಸುದ್ದಿ ಇಳಿಯೋ ಬಾಗ್ಲಗಳಾಗ ಒಂದನ್ನ ಮುಚ್ಚತಿತ್ತು. ಅದಕ್ಕ ಬ್ಯಾರೆ ಗುಳಿಗಿಗಳಂಗ ನಿದ್ದಿ ಕೆಡಸ್ತಿರಲಿಲ್ಲ. ಭಾಳ ಮಂದಿಗೆ ಗುಣ ಆತು."

"ಮತ್ತ ಲಿವರು?"

"ಕೆಲವರದು ಹೋತು. ಎರಡೂವರಿ, ಮೂರು ಲಕ್ಷ ಮಂದಿ ವರ್ಷಪೂರ್ತಿ ತಗೊಂಡ್ರ ಒಬ್ಬರದು ಅಂತ ಅಂದಾಜು. ಆ ಒಬ್ಬರೂ ಯಾರದೋ ಮನಿಯವರ ಅಲ್ಲೇನು? ಅಲ್ಲಿನ ಡಾಕ್ಟರು ಅಂಥಾದ್ದನ್ನೆಲ್ಲ ಬಿಡದ ಸರಕಾರಕ್ಕ ಬರದು ಕಳಿಸಿದ್ರು. ಎರಡು ಸಾವಿರದ ಮೂರು, ನಾಕರಾಗ ಒಂದೊಂದ ದೇಶದಾಗ ಕಂಪನಿ ಮಾರೋದು ಬಿಡ್ತು. ಈಗ ನೀವು ಹೇಳ್ರಿ, ನಿಮ್ಮಲ್ಲಿ ಲಾಟ್ ಕೆಟ್ರ ಏನ್ ಮಾಡ್ತೀರಿ?"

"ಆ ಲಾಟ್ ರಿಜೆಕ್ಟ್."

"ಊರಾಗಿನ ಬಟ್ಟಿ ಎಲ್ಲಾನೂ?"

"ಏ, ಅದ್ಹೆಂಗ್ರೀ! ಊರ ಮಂದಿ ಲುಂಗಿ ಇಲ್ದ ತಿರುಗಬೇಕೇನು?"

ಉಜ್ಜಿನಮ್ಮನ ತುಟಿಯ ಒಂದು ಮೂಲೆ ಅಲುಗಿತು.

"ಹಂಗಾದ್ರ ಅಕ್ಕನ ಗುಳಿಗಿ ಯಾವ ಲಾಟು? ಹೆಸರು ಓದಿದ್ರೇನು?"

ಎರ್ರಪ್ಪ ಓದಿರಲಿಲ್ಲ. ಚೀಲದ ಚಿಂದಿಯನ್ನೆಲ್ಲ ಹರವಿ, ತಳದಿಂದ ಮಾತ್ರೆಯ ಪಟ್ಟಿ ತೆಗೆದು, ಬೆಳಕಿಗೆ ಹಿಡಿದು ಅಕ್ಷರ ಕೂಡಿಸಿದ. ವಿಡಿಯೋದ ಹೆಸರನ್ನೂ ಕೂಡಿಸಿದ.

"ಬ್ಯಾರೆ ಬ್ಯಾರೆ ಅದಾವ," ಎಂದ, ತೀರ ಸಣ್ಣ ದನಿಯಲ್ಲಿ.

ಅನ್ನದಾನಮ್ಮ ಉಜ್ಜಿನಮ್ಮನ ಕೈ ಹಿಡಿದಳು. "ಅಕ್ಕಾ, ನೇರ ಕೇಳ್ತೀನಿ. ಬದುಕ ಬ್ಯಾಡ ಅನಸ್ತೈತೇನು?"

"ಇಲ್ಲವ್ವ, ಇನ್ನಾ ಅಷ್ಟಿಲ್ಲ. ಎಲ್ಲಾ ಸಪ್ಪಗ ಐತಿ." ಬೆಳಗಿನಿಂದ ಆಕೆ ಆಡಿದ ಮೊದಲ ಮಾತು ಅದು. "ಈಗ ಒಂದು ನುಂಗ್ಲೇನು?"

"ತಡೀರಿ. ಬಿಟ್ಟು ಹತ್ತು ದಿನ ಆಗೈತಿ, ಎಷ್ಟರಿಂದ ಶುರು ಅಂತ ಡಾಕ್ಟರ ಹೇಳ್ಬೇಕು. ನಾಳೆ ಹೋಗೋಣ. ಇದಕ್ಕೂ ಅದರದ ತೊಂದ್ರಿ ಇರ್ತಾವ. ಹೊಟ್ಟಿ ತೊಳಸಿದ್ರ, ಕಣ್ಣು ಹಳದಿ ಆದ್ರ, ಮೂತ್ರ ಕಪ್ಪಾದ್ರ ಮುಚ್ಚಿಡಬ್ಯಾಡ್ರಿ. ಆ ಹಳೇ ಗುಳಿಗಿ ಸಿಕ್ಕಿಬಿದ್ದದ್ದು ಯಾರೋ ಬಾಯಿ ಬಿಟ್ಟಿದ್ದಕ್ಕ."

ಮರುದಿನ ಎರ್ರಪ್ಪ ರಜೆ ಹಾಕಿದ. ಡಾಕ್ಟರು ಕಡಿಮೆ ಪ್ರಮಾಣದಿಂದ ಮತ್ತೆ ಶುರು ಮಾಡಿದರು. ಬರುವಾಗ ಬಸ್ಸಿನಿಂದಲೇ ಅವನು ಅಗಳಿಗೆ ಫೋನ್ ಹಚ್ಚಿದ. "ರಾಮಾಂಜಿನೇಯಾ, ನಿನ್ನ ವಿಡಿಯೋ ಖರೇ ಐತಪ್ಪ. ಆದ್ರ ಅದು ನಮ್ಮ ಲಾಟಲ್ಲ. ಇನ್ನೊಬ್ಬರಿಗೆ ಕಳಿಸಬ್ಯಾಡ."

ನಿಮ್ಮ ಮನೆಯಲ್ಲೂ ಯಾರಾದರೂ ಮನಸ್ಸಿನ ಮಾತ್ರೆ ತೆಗೆದುಕೊಳ್ಳುತ್ತಿರಬಹುದು. ಫೋನಿಗೆ ಬಂದದ್ದನ್ನು ನಂಬಿ ಅದನ್ನು ನಿಲ್ಲಿಸಬೇಡಿ, ಗುಣವಾಯಿತೆಂದು ನೀವೇ ಬಿಡಿಸಲೂಬೇಡಿ. ಮೊದಲು ಮಾತ್ರೆಯ ಪಟ್ಟಿಯ ಮೇಲಿನ ಹೆಸರು ಓದಿ, ಆಮೇಲೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ. ತೊಂದರೆ ಕಂಡರೆ ಅದೇ ದಿನ ಹೇಳಿ. ಮನಸ್ಸು ತೀರ ಕುಸಿದರೆ ೧೪೪೧೬ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡುತ್ತಾರೆ, ತೆಲುಗಿನಲ್ಲೂ.

ಮಾತ್ರೆ ಮತ್ತೆ ಶುರುವಾದ ಆರನೆಯ ವಾರದ ಗುರುವಾರ, ಹನ್ನೊಂದು ಗಂಟೆಗೆ, ಚಹಾ ನೀರಾಗಿದೆ ಎಂದು ಉಜ್ಜಿನಮ್ಮ ಪಂಪಮ್ಮನನ್ನು ಬೈದಳು.